ಟಾವೆಲ್ ಹಾಕಿದ ಸೀಟು

ಜನವರಿ 19, ರವಿವಾರ
ಸೊಲ್ಲಾಪುರ

ಫ್ರಾನ್ಸಿಗೆ ಹೋಗಬೇಕಿದ್ದ ಸೂಟ್‌ಕೇಸಿನಲ್ಲಿ ಈಗ ನೂಲಿನ ಸೀರೆಗಳು, ಜೋಳದ ಕಡಕ್ ಭಕ್ಕರಿ, ಶೇಂಗಾ ಚಟ್ನಿ ತುಂಬಿವೆ. ನಾಳೆ ಅದು ಅಕ್ಕಲಕೋಟೆಗೆ ಹೊರಡುತ್ತದೆ. ಗಾಲಿಯಿರುವ ಸೂಟ್‌ಕೇಸು. ನಮ್ಮ ಬಸ್ ಸ್ಟ್ಯಾಂಡಿನ ತಗ್ಗುಗಳಲ್ಲಿ ಆ ಗಾಲಿಗಳ ಗತಿ ಏನಾಗುತ್ತದೋ ನೋಡಬೇಕು.

ಇದನ್ನು ಹೋದ ವರ್ಷ ತಂದವರು ನಮ್ಮ ಮನೆಯವರು. ಚನ್ನವೀರಪ್ಪ. ಬಾಯಿಂದ ಎಂದೂ ಹೇಳದ ಹೆಸರನ್ನು ಇಲ್ಲಿ ಬರೆದರೆ ಯಾರು ಕೇಳುತ್ತಾರೆ? ಚಾದರು, ಟಾವೆಲ್ ಮಾರುತ್ತಲೇ ಅರವತ್ತು ದಾಟಿದ ಮನುಷ್ಯನಿಗೆ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ತಾವೇ ಕಾರು ಓಡಿಸಿಕೊಂಡು ತಿರುಗುವ ಹುಚ್ಚು ಹತ್ತಿತು. ಅಲ್ಲಿ ಓಡಿಸಲು ಬೇಕಾದ ಲೈಸನ್ಸನ್ನೂ ಮಾಡಿಸಿಟ್ಟುಕೊಂಡಿದ್ದರು. ಶ್ರಾವಣದಲ್ಲಿ ಒಂದು ದಿನ ಅಂಗಡಿಯ ಗಾದಿಯ ಮೇಲೆ ಕುಳಿತವರು ಹಾಗೇ ಒರಗಿಬಿಟ್ಟರು. ಫ್ರಾನ್ಸ್ ಅಲ್ಲಿಗೆ ಮುಗಿಯಿತು.

ನೆನೆದರೆ ಅಳು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಇನ್ನೊಂದು ಮಾತನ್ನೂ ಬರೆಯಬೇಕು. ಮನೆಗೆ ಕಾರು ಬಂದಂದಿನಿಂದ ಅದರಲ್ಲಿ ಕುಳಿತು ನಾನು ದಾಟದ ಊರಿಲ್ಲ, ನೋಡಿದ ಊರೂ ಇಲ್ಲ. ಅಕ್ಕಲಕೋಟೆಯ ದಾರಿಯಲ್ಲಿ ವಳಸಂಗ ದಾಟಿದ ಮೇಲೆ ಬೇವಿನ ಮರದ ಕೆಳಗೆ ಒಂದು ಸಣ್ಣ ಗುಡಿಯಿದೆ. ಅದು ಕಂಡಾಗಲೆಲ್ಲ, "ಇಲ್ಲೆ ತುಸು ನಿಂದ್ರಸ್ರಿ" ಅನ್ನುತ್ತಿದ್ದೆ. "ಬರೂವಾಗ ನಿಂದ್ರೂಣು" ಅನ್ನುತ್ತಿದ್ದರು. ಬರುವಾಗ ಕತ್ತಲಾಗಿರುತ್ತಿತ್ತು, ಇಲ್ಲವೇ ಬೇರೆ ರಸ್ತೆ ಹಿಡಿದಿರುತ್ತಿದ್ದರು. ಪ್ರೀತಿಯ ಮನುಷ್ಯ, ಆದರೆ ಸ್ಟೇರಿಂಗ್ ಹಿಡಿದರೆ ಕಿವಿ ಕೇಳುತ್ತಿರಲಿಲ್ಲ.

ಈ ತಿರುಗಾಟದ ಐಡಿಯಾ ಸೊಸೆ ಸ್ನೇಹಲಳದು. ಮರಾಠಿ ಮಾತಿನ ಬಾರ್ಶಿಯ ಹುಡುಗಿ, ಈಗ ಏಳು ತಿಂಗಳ ಬಸುರಿ, ಕೂತಲ್ಲಿ ಕೂರದೆ ಫೋನಿನಲ್ಲಿ ಲೋಕ ಸುತ್ತುತ್ತಾಳೆ. ಕಾರು ಓಡಿಸದೆ ಫ್ರಾನ್ಸಿನ ಹಳ್ಳಿಗಳನ್ನು ನೋಡುವುದು ಹೇಗೆಂದು ಯಾರೋ ಬರೆದಿದ್ದನ್ನು ಓದಿ ಹೇಳಿದಳು. ಒಂದು ಸಣ್ಣ ಊರಿನಲ್ಲಿ ಖೋಲಿ ಹಿಡಿಯಬೇಕಂತೆ. ದಿನಾ ಬೆಳಿಗ್ಗೆ ಸಿಕ್ಕ ಬಸ್ಸೋ ಪ್ಯಾಸೆಂಜರ್ ಗಾಡಿಯೋ ಹತ್ತಬೇಕು, ಮನಸ್ಸು ಬಂದಲ್ಲಿ ಇಳಿದು ನಡೆಯಬೇಕು, ವಾಪಸು ಬರುವ ಕೊನೆಯ ಬಸ್ಸು ಎಷ್ಟಕ್ಕೆಂದು ಮೊದಲೇ ಕೇಳಿಕೊಳ್ಳಬೇಕು.

"ಅತ್ತೀ, ಫ್ರಾನ್ಸ್ ರಾಹೂ ದ್ಯಾ, ಇರಲಿ ಬಿಡ್ರಿ. ನಮ್ಮ ಅಕ್ಕಲಕೋಟಿ ತಾಲೂಕಾದಾಗೂ ಹಳ್ಳಿ ಅದಾವ, ಬಸ್ಸೂ ಅದಾವ. ಹೋಗಿ ಬರ್ರಿ," ಎಂದಳು.

ಮಗ ಅಮೋಲನ ಮುಖ ಗಂಟಾಯಿತು. "ಮನ್ಯಾಗ ಕಾರ್ ಐತಿ, ಡ್ರೈವರ ಅದಾನ. ಎಸ್‌ಟಿ ಬಸ್ಸಿನಾಗ ಧಕ್ಕಾ ತಿನ್ನೂದು ಯಾಕವ್ವ?"

"ಕಾರಿನಾಗ ಕುಂತು ಸಾಕಾಗೇದಪಾ," ಎಂದೆ.

ಒಂದೇ ಕರಾರು. ಮೂವತ್ತೊಂದಕ್ಕೆ, ಶುಕ್ರವಾರ, ಸ್ನೇಹಲಳ ಸೀಮಂತದ ಕುಬುಸ. ಅಷ್ಟರೊಳಗೆ ಮನೆಯಲ್ಲಿರಬೇಕು. ಕುಂಕುಮ ಹೋದವಳು ಇಂಥದರಲ್ಲಿ ಹಿಂದೆ ನಿಲ್ಲಬೇಕೆಂದು ಓಣಿಯ ಹೆಂಗಸರ ಲೆಕ್ಕ. ಸ್ನೇಹಲ ಕೇಳುವವಳಲ್ಲ. "ಮೊದಲನೇ ಹಸರ ಬಳಿ ನಿಮ್ಮ ಕೈಲೇನೇ ಹಾಕಬೇಕು. ಇಲ್ಲಂದ್ರ ನಾ ಖುರ್ಚಿ ಮ್ಯಾಲೆ ಕೂಡಂಗೇ ಇಲ್ಲ," ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಾಳೆ. ಬಂದೇ ಬರುತ್ತೇನೆ ಎಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಒಳಗಿನದು ಒದೆಯಿತು.


ಜನವರಿ 20, ಸೋಮವಾರ
ಅಕ್ಕಲಕೋಟೆ

ಬಂದೆ! ಭಕ್ತನಿವಾಸದಲ್ಲಿ ಖೋಲಿ ಸಿಕ್ಕಿದೆ. ಸೂಟ್‌ಕೇಸಿನ ಒಂದು ಗಾಲಿ ಸೊಲ್ಲಾಪುರದ ಸ್ಟ್ಯಾಂಡಿನಲ್ಲೇ ಉಳಿಯಿತು.

ಬಸ್ಸು ಬಂದಾಗಿನ ಗದ್ದಲವನ್ನು ನಾನು ಮರೆತೇಬಿಟ್ಟಿದ್ದೆ. ಬಾಗಿಲಿಗೆ ನುಗ್ಗುವವರು ಒಂದು ಕಡೆ, ಕಿಟಕಿಯಿಂದ ಜಾಗ ಹಿಡಿಯುವವರು ಇನ್ನೊಂದು ಕಡೆ. ಟೊಪ್ಪಿಗೆ, ಕರ್ಚೀಫು, ಟಾವೆಲ್ಲು ಒಳಗೆ ಹಾರುತ್ತವೆ. ಒಬ್ಬಳು ಕೈಗೂಸನ್ನೇ ಕಿಟಕಿಯಿಂದ ದಾಟಿಸಿ ಸೀಟು ಹಿಡಿದಳು. ಹಾಕಿದ್ದನ್ನು ಮುಟ್ಟಿ ಬೇರೆಯವರು ಕುಳಿತರೆ ಜಗಳ ಗ್ಯಾರಂಟಿ.

ಮದುವೆಯಾದ ಹೊಸತರಲ್ಲಿ, ಕಾರಿಲ್ಲದ ಕಾಲಕ್ಕೆ, ಇದೇ ಸ್ಟ್ಯಾಂಡಿನಲ್ಲಿ ಅವರೂ ಹೀಗೆ ಟಾವೆಲ್ ಎಸೆಯುತ್ತಿದ್ದರು. ಬಸ್ಸಿನ ಜೊತೆ ಓಡುತ್ತಲೇ ಹೆಗಲ ಮೇಲಿನದನ್ನು ಎಳೆದು ಎಸೆದರೆ ಅದು ಕಿಟಕಿ ಪಕ್ಕದ ಸೀಟಿಗೇ ಹೋಗಿ ಬೀಳುತ್ತಿತ್ತು. ನನ್ನನ್ನು ಹತ್ತಿಸಿ, ಕೂರಿಸಿ, ತಾವು ಗಾಡಿ ಹೊರಟ ಮೇಲೆ ಎಲ್ಲರಿಗಿಂತ ಕೊನೆಗೆ ಹತ್ತುತ್ತಿದ್ದರು. ಒಮ್ಮೆ ಯಾರೋ ಟಾವೆಲ್ ಸರಿಸಿ ಕುಳಿತಿದ್ದಕ್ಕೆ ಅಂಗಿ ಹರಿಯುವಷ್ಟು ಬಡಿದಾಡಿದ್ದರು.

ಇವತ್ತು ನನಗಾಗಿ ಎಸೆಯುವವರಿಲ್ಲ. ಕೊನೆಗೆ ಹತ್ತಿ ನೋಡಿದರೆ ಬಸ್ಸು ಭರ್ತಿ. ಮೂರನೇ ಸಾಲಿನ ಕಿಟಕಿ ಸೀಟು ಮಾತ್ರ ಖಾಲಿ, ಅದರ ಮೇಲೆ ಒಂದು ಟಾವೆಲ್ಲು. ಎಷ್ಟೋ ಜನ ನಿಂತಿದ್ದರು, ಯಾರೂ ಅದನ್ನು ಮುಟ್ಟಿರಲಿಲ್ಲ.

"ಚಲಾ, ಪುಢೇ ಸರಕಾ!" ಎಂದು ಕಂಡಕ್ಟರ್ ಕೂಗಿ ಜನರನ್ನು ಮುಂದೆ ಸರಿಸುತ್ತ ಬಂದ. "ಮಾವಶಿ, ಬಸಾ ನಾ, ಕೂಡ್ರಿ. ನಿಂತೀರ್ಯಾಕ?"

"ಯಾರೋ ಟಾವೆಲ್ ಹಾಕ್ಯಾರಲ್ರಿ."

"ನಿಮಗೇ ಹಾಕ್ಯಾರ. ಮಾವಶಿ ಬರ್ತಾರ ಅಂತ ಹೇಳಿ ಹೋಗ್ಯಾರ."

ಅಮೋಲ ಅಂಗಡಿಯ ಆಳನ್ನು ಕಳಿಸಿರಬೇಕೆಂದು ಮನಸ್ಸಿನಲ್ಲೇ ನಕ್ಕು ಕುಳಿತೆ. ಬೇವಿನ ಮರದ ಗುಡಿ ಕಂಡಿತು, ಆದರೆ ಕೈಯಲ್ಲಿ ಸಾಮಾನು. ಬರುವಾಗ ಇಳಿದರಾಯಿತು ಎಂದುಕೊಂಡೆ.

ಇಳಿಯುವಾಗ ಟಾವೆಲ್ ಮಡಿಸಿ ಸೀಟಿನ ಮೇಲೇ ಇಟ್ಟೆ. ಆಗ ಅದರ ಅಂಚು ನೋಡಿದೆ. ಎರಡು ಕೆಂಪು ಗೆರೆ, ನಡುವೆ ಒಂದು ಹಸಿರು. ಅದು ನಮ್ಮ ಅಂಗಡಿಯದೇ ಅಂಚು, ಮಾವನವರ ಕಾಲದ್ದು. ಅದನ್ನು ನೇಯುತ್ತಿದ್ದ ಮಗ್ಗಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಈ ಟಾವೆಲ್ಲಿನಲ್ಲಿ ಮಾತ್ರ ಇನ್ನೂ ಹೊಸ ನೇಯ್ಗೆಯ ಗಂಜಿಯ ವಾಸನೆಯಿತ್ತು.

ಅಮೋಲನಿಗೆ ಫೋನ್ ಮಾಡಿ ಕೇಳಿದೆ. "ನಾ ಯಾರ್ನೂ ಕಳಿಸಿಲ್ಲವ್ವ," ಎಂದ. ಅರ್ಧ ಜಿಲ್ಲೆ ನಮ್ಮ ಟಾವೆಲ್ಲಿನಿಂದಲೇ ಮುಖ ಒರೆಸಿಕೊಂಡಿದೆ, ಯಾರ ಪೆಟ್ಟಿಗೆಯಲ್ಲೋ ಹೊಸದಾಗಿ ಉಳಿದದ್ದಿರಬೇಕು.


ಜನವರಿ 21, ಮಂಗಳವಾರ

ಇವತ್ತಿನಷ್ಟು ಖುಷಿಯಾಗಿ ನಾನು ಯಾವಾಗ ಇದ್ದೆನೋ ನೆನಪಿಲ್ಲ.

ವಾಗದರಿ ಬಸ್ಸು ಹತ್ತಿದೆ. ಊರು ಇನ್ನೂ ದೂರವಿರುವಾಗಲೇ ಒಂದು ಬಾವಿ, ಅದರ ಸುತ್ತ ತೆನೆ ತೂಗುವ ಬಿಳಿಜೋಳ ಕಂಡಿತು. "ಇಲ್ಲೇ ಇಳೀತೀನ್ರಿ" ಎಂದೆ. ಕಂಡಕ್ಟರ್ ಗಂಟೆಯ ಹಗ್ಗ ಎಳೆದ, ಬಸ್ಸು ನಿಂತಿತು. ಇಷ್ಟೇ! ಹೇಳಿದರೆ ನಿಲ್ಲುತ್ತದೆ! ಹೊಲದ ಬದುವಿನ ಮೇಲೆ ನಿಂತು ಒಬ್ಬಳೇ ನಕ್ಕೆ.

ಹೊಲದಲ್ಲಿ ಕಲ್ಲಣ್ಣ ಎಂಬ ಹಿರಿಯರಿದ್ದರು. ಕೆಂಪು ರುಮಾಲು, ಬಾಯಲ್ಲಿ ಎರಡೇ ಹಲ್ಲು. ಕುಳ್ಳಿನ ಬೆಂಕಿಯಲ್ಲಿ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಸೀತನಿ ನನ್ನ ಸೆರಗಿಗೆ ಸುರಿದರು. ಜೊತೆಗೆ ಬೆಲ್ಲ. ನಾನು ಯಾರು, ಎಲ್ಲಿಯವಳು, ಒಂದನ್ನೂ ಕೇಳದೆ ಕೊಟ್ಟ ಮೇಲೆ ನಿಧಾನಕ್ಕೆ ಕೇಳಿದರು.

"ಇಲ್ಲಿಗಿ ಒಬ್ರೇ ಬಂದೀರೇನ್ರಿ ಬಾಯಾರ?"

"ಒಬ್ಬಾಕೀನೇ."

ಕಲ್ಲಣ್ಣ ನನ್ನ ಹಿಂದೆ, ರಸ್ತೆಯ ಕಡೆ ನೋಡಿದರು. "ಹಂಗಾರ ಅಲ್ಲೆ ನಿಂತಾವ್ರು?"

ತಿರುಗಿ ನೋಡಿದೆ. ಬಿಸಿಲು, ರಸ್ತೆ, ಒಂದು ಜಾಲಿ ಗಿಡ. ಯಾರೂ ಇರಲಿಲ್ಲ.

"ಬಿಸಲಿಗೆ ಕಣ್ಣಿಗೆ ಹಂಗ ಕಂಡಿರಬೇಕ ತಗೋರಿ," ಎಂದು ಕಲ್ಲಣ್ಣ ಇನ್ನೊಂದು ತೆನೆ ಬೆಂಕಿಗೆ ಹಾಕಿದರು.

ಸಂಜೆಯ ಬಸ್ಸೂ ತುಂಬಿತ್ತು. ಮೂರನೇ ಸಾಲಿನ ಕಿಟಕಿ ಸೀಟಿನ ಮೇಲೆ ಅದೇ ಟಾವೆಲ್ಲು. ಈ ಸಲ ಯಾರೋ ಈಗಷ್ಟೇ ಮುಖ ಒರೆಸಿಕೊಂಡಂತೆ ತುಸು ಒದ್ದೆಯಾಗಿತ್ತು. ಮೂಗಿನ ಹತ್ತಿರ ತಂದೆ. ಗಂಜಿಯ ವಾಸನೆಯ ಅಡಿಯಲ್ಲಿ ಬ್ರಾಹ್ಮಿ ಎಣ್ಣೆಯ ವಾಸನೆ. ಅವರ ದಿಂಬಿನ ವಾಸನೆ.

ಹೆದರಬೇಕಿತ್ತು. ಹೆದರಿಕೆ ಬರಲಿಲ್ಲ, ಎದೆ ಹಗುರಾಯಿತು. ಕಾಲು ಬೇರೆ ನೋಯುತ್ತಿದ್ದವು. ಕುಳಿತೆ.


ಜನವರಿ 22, ಬುಧವಾರ

ಮೂರು ಊರು ತಿರುಗಿದೆ. ಮೂರು ಬಸ್ಸಿನಲ್ಲೂ ಟಾವೆಲ್ ಇತ್ತು. ಈಗ ನಾನು ಸ್ಟ್ಯಾಂಡಿನಲ್ಲಿ ಓಡುವುದಿಲ್ಲ. ಎಲ್ಲರೂ ಹತ್ತಲಿ ಎಂದು ಅಲ್ಲಿನ ಕಟ್ಟೆಯ ಮೇಲೆ ಆರಾಮ ಕುಳಿತಿರುತ್ತೇನೆ. ನನ್ನದು ಎಲ್ಲಿಗೂ ಹೋಗುವುದಿಲ್ಲವಲ್ಲ.

ಸ್ನೇಹಲಳಿಗೆ ಇದನ್ನು ಹೇಳಲಿಲ್ಲ. ಬಸುರಿ ಹುಡುಗಿ, ಏನೇನೋ ತಲೆಗೆ ಹಚ್ಚಿಕೊಂಡಾಳು. ಹೊಟ್ಟೆ ತುಂಬಿದಂತಿದೆ, ಇವತ್ತು ಊಟಕ್ಕೆ ಹೋಗಲಿಲ್ಲ.


ಜನವರಿ 23, ಗುರುವಾರ

ಸ್ನೇಹಲಳ ಫ್ರಾನ್ಸಿನಲ್ಲಿ ರೈಲೂ ಇತ್ತು. ಅದಕ್ಕೇ ಅಕ್ಕಲಕೋಟೆ ರೋಡ್ ಸ್ಟೇಶನ್ನಿಗೆ ಹೋಗಿ ಹೋಟಗಿಯವರೆಗೆ ಪ್ಯಾಸೆಂಜರ್ ಹಿಡಿದೆ. ರೈಲಿನಲ್ಲಿ ಯಾರಪ್ಪಾ ಟಾವೆಲ್ ಹಾಕುತ್ತಾರೆ ಎಂದು ಕುತೂಹಲವಿತ್ತು.

ಹಾಕಿದ್ದರು. ಆದರೆ ಇವತ್ತು ಕಿಟಕಿಯ ಸೀಟು ಖಾಲಿ, ಟಾವೆಲ್ ಅದರ ಪಕ್ಕದ ಸೀಟಿನ ಮೇಲೆ. ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನನ್ನ ಜಾಗ ನನಗೆ ಬಿಟ್ಟು, ಇದು ಕೊನೆಗೆ ಹತ್ತುವವರ ಜಾಗ.

ಹೋಟಗಿ ಜಂಕ್ಷನ್ನಿನಲ್ಲಿ ಗಾಡಿ ತುಂಬಾ ಹೊತ್ತು ನಿಂತಿತು. ಚಹಾದವನು ಕಿಟಕಿಯಿಂದ ಎರಡು ಕಪ್ ಕೊಟ್ಟ. ಒಂದೇ ಸಾಕು ಎಂದೆ. ಅವನು ನನ್ನ ಪಕ್ಕಕ್ಕೆ ನೋಡಿ, "ಸಾಹೇಬ್ರು ಕುಡಿಯಂಗಿಲ್ಲೇನ್ರಿ?" ಎಂದ. ಎರಡನ್ನೂ ತೆಗೆದುಕೊಂಡೆ. ಒಂದು ನಾನು ಕುಡಿದೆ, ಇನ್ನೊಂದನ್ನು ಟಾವೆಲ್ಲಿನ ಮುಂದೆ ಇಟ್ಟೆ. ಅದು ಆರಿತು, ಅಷ್ಟೇ. ಏನೂ ಆಗಲಿಲ್ಲ ಎಂದು ನನ್ನ ಸಮಾಧಾನಕ್ಕೆ ಬರೆದಿಡುತ್ತೇನೆ.

ಆಚೆ ಈಚೆ ಹೊಲದಲ್ಲಿ ಕಡಲೆ ಹೂಬಿಟ್ಟಿತ್ತು, ಸ್ಟೇಶನ್ನಿನ ಆಚೆ ಒಂದು ಹಳೆಯ ಕಲ್ಲಿನ ಬಾವಿ ಕಂಡಿತು. ಇಳಿದು ನೋಡಬಹುದಿತ್ತು. ಇಳಿಯಲಿಲ್ಲ, ಅದೇ ಗಾಡಿ ಮುಂದೆ ಹೋಗಿ ತಿರುಗುವವರೆಗೆ ಕುಳಿತೇ ಇದ್ದೆವು.

ಮಧ್ಯಾಹ್ನ ಸ್ನೇಹಲ ಫೋನ್ ಮಾಡಿದಳು. "ಅತ್ತೀ, ಇವತ್ತು ಏನ್ ನೋಡಿದ್ರಿ?"

"ಹೋಟಗಿಗೆ ಹೋಗಿದ್ವಿ. ಚಹಾ ಕುಡದ್ವಿ."

"ಹೋಗಿದ್ವಿ ಅಂದ್ರ? ಯಾರ್ಯಾರು? ಜೋಡಿ ಯಾರಿದ್ರು?"

ಬಾಯಿ ತಪ್ಪಿ ಬಂತು ಎಂದೆ. ಅವಳು ನಂಬಲಿಲ್ಲ. ಆಮೇಲೆ, "ನಿಮ್ಮ ಆವಾಜ್ ಭಾಳ ದೂರದಿಂದ ಬರಾಕತ್ತೇತಿ," ಎಂದಳು. ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ.

ಕೈಯ ಚಿನ್ನದ ಪಾಟಲಿ ಬಳೆ ಸಡಿಲಾಗಿ ಮೊಳಕೈಗೆ ಸರಿಯುತ್ತಿದೆ. ಬಿಚ್ಚಿ ಪರ್ಸಿನಲ್ಲಿಟ್ಟೆ.


ಜನವರಿ 25, ಶನಿವಾರ

ಕಲ್ಲಣ್ಣ ಹೋದರು.

ಹೇಗೆಂದು ಬರೆಯಬೇಕು. ಬರೆಯದಿದ್ದರೆ ನಾಳೆ ನಾನು ಬೇರೆ ಏನೋ ನೆನಪಿಟ್ಟುಕೊಂಡೇನು.

ಮಧ್ಯಾಹ್ನದ ವಾಗದರಿ ಬಸ್ಸು. ನಾನು ಕಿಟಕಿಯಲ್ಲಿ, ಪಕ್ಕದಲ್ಲಿ ಟಾವೆಲ್ಲು. ಕೂಸು ಎತ್ತಿಕೊಂಡ ಹೆಂಗಸರೂ ನಿಂತಿದ್ದರು, ಯಾರೂ ಪಕ್ಕದ ಸೀಟು ಕೇಳಲಿಲ್ಲ. ಅಕ್ಕಲಕೋಟೆಯ ಸಂತೆ ಮುಗಿಸಿ ಕಲ್ಲಣ್ಣ ಹತ್ತಿದರು, ಎರಡು ಕೈಯಲ್ಲಿ ಎರಡು ಚೀಲ. ನನ್ನನ್ನು ನೋಡಿ ಎರಡು ಹಲ್ಲು ತೋರಿಸಿದರು. ಸೆರಗಿನ ತುಂಬ ಸೀತನಿ ಕೊಟ್ಟವರನ್ನು ನಿಲ್ಲಿಸಿ ನಾನು ಬಟ್ಟೆಗೆ ಸೀಟು ಕೊಟ್ಟು ಕೂರುವುದೇ? ಟಾವೆಲ್ ಎತ್ತಿ ಮಡಿಲಲ್ಲಿಟ್ಟುಕೊಂಡೆ.

"ಬರ್ರಿ ಕಲ್ಲಣ್ಣಾರ, ಕೂಡ್ರಿ."

ಮುಂದೆ ಹೋಗಿದ್ದ ಕಂಡಕ್ಟರ್ ತಿರುಗಿ ಬಂದ. "ಮಾವಶಿ, ಅದು ಹಿಡಿದ ಜಾಗಾ ಐತ್ರಿ."

"ನಾ ಹೇಳ್ತೀನಲ್ಲ, ಕೂಡಲಿ."

ಅವನು ಮುಂದೆ ಹೋದ. ಕಲ್ಲಣ್ಣ ಕುಳಿತರು. ಮೊಮ್ಮಗಳಿಗೆ ತಂದ ರಿಬ್ಬನ್ನು ತೋರಿಸಿದರು. ಊರು ದಾಟುತ್ತಲೇ, "ಥಂಡಿ ಹತ್ತಾಕತ್ತೇತಲ್ರಿ ಬಾಯಾರ," ಎಂದರು. ಹೊರಗೆ ಸುಡುವ ಬಿಸಿಲು. ನನ್ನ ಮಡಿಲಲ್ಲಿದ್ದ ಟಾವೆಲ್ಲನ್ನೇ ಬಿಡಿಸಿ ಅವರ ಮೊಣಕಾಲ ಮೇಲೆ ಹೊದಿಸಿದೆ. ಕೈಯಾರೆ ಹೊದಿಸಿದೆ. ಅವರು ಕಣ್ಣು ಮುಚ್ಚಿದರು, ನಿದ್ದೆ ಬಂತು ಎಂದುಕೊಂಡೆ.

ವಾಗದರಿಯಲ್ಲಿ ಎಲ್ಲರೂ ಇಳಿದರು. ಕಲ್ಲಣ್ಣ ಏಳಲಿಲ್ಲ. ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗಿದ್ದರು.

ವಯಸ್ಸಾಗಿತ್ತು ಎಂದರು ಎಲ್ಲರೂ. ಹೌದು, ವಯಸ್ಸಾಗಿತ್ತು. ರಿಬ್ಬನ್ನು ಯಾರ ಕೈಗೆ ಹೋಯಿತೋ ನೋಡಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಟಾವೆಲ್ಲು ನನ್ನ ಪಕ್ಕದ ಸೀಟಿನ ಮೇಲೆ ಸುಕ್ಕಿಲ್ಲದೆ ಹಾಸಿತ್ತು.

ನಾನು ಜಾಗ ಬಿಟ್ಟುಕೊಡಬಾರದಿತ್ತು. ಇವರು ಮೊದಲಿನಿಂದಲೂ ಹಾಗೇ, ತಾವು ಹಿಡಿದ ಸೀಟಿನಲ್ಲಿ ಬೇರೆಯವರು ಕುಳಿತರೆ ಸೈರಣೆಯಿಲ್ಲ.


ಜನವರಿ 26, ರವಿವಾರ

ಕಲ್ಲಣ್ಣನ ಮನೆಗೆ ಹೋಗಿ ಮಾತಾಡಿಸಿ ಬರಬೇಕೆಂದು ಹೊರಟೆವು. ವಾಗದರಿ ಬಂತು. ಏಳಲು ಮನಸ್ಸಾಗಲಿಲ್ಲ. ಬಸ್ಸು ತಿರುಗಿತು, ನಾವೂ ತಿರುಗಿದೆವು. ಕಂಡಕ್ಟರ್ ಕೇಳದೆಯೇ ಎರಡು ಟಿಕೆಟ್ ಹರಿದು ಕೊಟ್ಟ.


ಜನವರಿ 27, ಸೋಮವಾರ

ಮುಂಜಾನೆಯಿಂದ ಬಸ್ಸಿನಲ್ಲಿ. ಇಳಿಯಲಿಲ್ಲ. ಇವರ ಹೆಗಲು ತಾಗಿದರೆ ತಂಪು.

ಸ್ನೇಹಲಳ ಫೋನು. ಹಸಿರು ಸೀರೆ ಬಂದಿದೆಯಂತೆ, ನಾನು ಯಾವಾಗ ಬರುತ್ತೇನೆಂದು ಕೇಳಿದಳು. "ನೀವು ಮಾಡಿ ಮುಗಸ್ರಿ. ನಾವು ಬರೂವಾಗ ನೋಡ್ತೀವಿ," ಎಂದೆ. ಅವಳು ಅಳುತ್ತಿದ್ದಳೆಂದು ತೋರುತ್ತದೆ. ಯಾಕೋ.


ಜನವರಿ 28, ಮಂಗಳವಾರ
ಸೊಲ್ಲಾಪುರ

ಅಕ್ಷರ ಸೊಟ್ಟಗಾದರೂ ಸರಿ, ಬರೆಯುತ್ತೇನೆ.

ಸ್ನೇಹಲ ಬಂದುಬಿಟ್ಟಳು. ಅಮೋಲನಿಗೆ ಹೇಳದೆ, ಆ ಹೊಟ್ಟೆ ಹೊತ್ತುಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಎಸ್‌ಟಿ ಬಸ್ಸಿನಲ್ಲಿ ಒಬ್ಬಳೇ. ನಾನು ಅಕ್ಕಲಕೋಟೆಯ ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದೆ. ಎದುರು ನಿಂತು ನನ್ನ ಮುಖ ನೋಡಿ, "ಅಯ್ಯಯ್ಯ ಅತ್ತೀ, ಉಂಡ ಎಷ್ಟು ದಿನಾ ಆತು?" ಎಂದು ಬಾಯಿಗೆ ಸೆರಗು ಹಿಡಿದಳು. ನನಗೆ ಲೆಕ್ಕ ಸಿಗಲಿಲ್ಲ.

ಅವಳೇ ಖೋಲಿಗೆ ಹೋಗಿ ಸಾಮಾನು ಕಟ್ಟಿದಳು. ನಾನು ಹಿಂದೆ ಹೋದೆ. ನಾಳೆ ಅಮಾವಾಸ್ಯೆ, ಅಲ್ಲಿನ ಸ್ವಾಮಿಗಳ ಗುಡಿಗೆ ಬಂದ ಜನ ಸ್ಟ್ಯಾಂಡಿನ ತುಂಬ. ಸೊಲ್ಲಾಪುರ ಬಸ್ಸಿಗೆ ಅವಳನ್ನು ಮುಂದೆ ಬಿಟ್ಟು ಹತ್ತಿದೆ.

"ಅತ್ತೀ, ಜಾಗಾ ಐತಿ! ದೋನ ಆಹೇತ, ಎರಡು!" ಎಂದು ಒಳಗಿನಿಂದ ಖುಷಿಯಲ್ಲಿ ಕೂಗಿದಳು.

ಮೂರನೇ ಸಾಲು. ಕಿಟಕಿಯ ಸೀಟು ನನಗೆ ಬಿಟ್ಟು ಅವಳು ಈಚೆಯ ಸೀಟಿನ ಕಂಬಿ ಹಿಡಿದು, ಒಂದು ಕೈ ಸೊಂಟಕ್ಕಿಟ್ಟು, ಟಾವೆಲ್ಲಿನ ಮೇಲೆ ನಿಧಾನಕ್ಕೆ ಕೂರಲು ಬಗ್ಗುತ್ತಿದ್ದಳು. ನನಗೆ ಕಲ್ಲಣ್ಣನ ಮೊಣಕಾಲು ಕಂಡವು.

"ಏಳು!" ಎಂದು ಕಿರುಚಿದೆ. ರಟ್ಟೆ ಹಿಡಿದು ಎಳೆದೆ. "ಅದು ನಂದು! ನೀ ಕೂಡಬ್ಯಾಡ!"

ಬಸ್ಸಿಗೆ ಬಸ್ಸೇ ನನ್ನ ಮೇಲೆ ಬಿತ್ತು. ಬಸುರಿ ಸೊಸೆಗೆ ಸೀಟು ಬಿಡದ ಅತ್ತೆ! "ಲಾಜ್ ನಾಹೀ ಕಾ, ನಾಚಿಕಿ ಇಲ್ಲೇನ?" ಎಂದಳೊಬ್ಬಳು. "ಹಡದಾಕಿ ಅದೀರೋ ಇಲ್ಲೋ?" ಎಂದಳು ಇನ್ನೊಬ್ಬಳು. ಸ್ನೇಹಲಳ ಕಣ್ಣಲ್ಲಿ ನೀರು ತುಂಬಿತು. ಅನ್ನಲಿ, ನಾನು ಅವಳ ರಟ್ಟೆ ಬಿಡಲಿಲ್ಲ. ಮುಂದಿನಿಂದ ಒಬ್ಬ ಕಾಲೇಜು ಹುಡುಗಿ ಎದ್ದು ತನ್ನ ಸೀಟಿನಲ್ಲಿ ಅವಳನ್ನು ಕೂರಿಸಿದಳು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ.

ಬಸ್ಸು ಹೊರಟಿತು. ಮೊದಲ ಸ್ಟಾಪಿನಲ್ಲಿ ಸ್ನೇಹಲಳ ಪಕ್ಕದ ಮುದುಕಿ ಇಳಿದಳು. ಖಾಲಿಯಾದ ಸೀಟನ್ನು ಹಿಡಿಯಲು ತಿರುಗಿ ನೋಡಿದರೆ, ಅದರ ಮೇಲೆ ಟಾವೆಲ್ ಬಿದ್ದಿತ್ತು. ಎರಡು ಕೆಂಪು ಗೆರೆ, ಒಂದು ಹಸಿರು. ಅದರ ಅಂಚು ಅವಳ ಸೀರೆಗೆ ತಾಗುತ್ತಿತ್ತು. ಅವಳು ಕೈಯಿಂದ ಕೈ ಉಜ್ಜಿಕೊಂಡು, "ಎಷ್ಟ್ ಥಂಡಿ ಐತಿ," ಎಂದಳು.

"ಗಾಡಿ ನಿಂದ್ರಸ್ರಿ!" ಎಂದೆ. ಯಾರಿಗೂ ಕೇಳಲಿಲ್ಲ. "ನಿಂದ್ರಸ್ರಿ ಅಂದ್ನಲ್ಲಾ!" ಡ್ರೈವರ್ ತಿರುಗಲಿಲ್ಲ. ಆ ಬೆನ್ನು ನನಗೆ ಚೆನ್ನಾಗಿ ಗೊತ್ತಿರುವ ಬೆನ್ನಿನಂತೆ ಕಂಡಿತು. ತಲೆಯ ಮೇಲಿನ ಗಂಟೆಯ ಹಗ್ಗಕ್ಕೆ ಎರಡೂ ಕೈ ಹಾಕಿ ಜೋತುಬಿದ್ದೆ. ಕಂಡಕ್ಟರ್ ಬೈಯುತ್ತ ಬಂದ. ನಾನು ಎಳೆಯುತ್ತಲೇ ಇದ್ದೆ. ಬಸ್ಸು ನಿಂತಿತು.

ಜೋಳದ ಹೊಲಗಳ ನಡುವೆ, ಒಂದು ಸೂಟ್‌ಕೇಸಿನೊಂದಿಗೆ ಇಳಿದೆವು, ನಾನು ಮತ್ತು ಸ್ನೇಹಲ. ಬಸ್ಸು ಹೋಯಿತು. ಒಳಗೆ ಎಷ್ಟೊಂದು ಜನ ನಿಂತಿದ್ದರು, ಆ ಸೀಟುಗಳು ಮಾತ್ರ ಖಾಲಿ.

ಸ್ನೇಹಲ ಬೈಯಲಿಲ್ಲ. ಸೂಟ್‌ಕೇಸಿನಿಂದ ಭಕ್ಕರಿ ತೆಗೆದು ಕೊಟ್ಟಳು. ಒಮ್ಮೆಲೇ ಹಸಿವಾಯಿತು. ರಸ್ತೆಯ ಬದಿಯಲ್ಲಿ ಕುಳಿತು ಚಟ್ನಿ ಹಚ್ಚಿ ಹಚ್ಚಿ ತಿಂದೆ, ತಿನ್ನುತ್ತಲೇ ಅತ್ತೆ. ರಿಕ್ಷಾ ಸಿಕ್ಕಿ ಅರ್ಧ ದಾರಿ ಬಂದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಅತ್ತೀ, ಅದು ನಮ್ಮ ಅಂಗಡಿ ಟಾವೆಲ್ ಹೌದಲ್ಲೋ?"

ಬೇವಿನ ಮರದ ಗುಡಿ ಹಿಂದೆ ಹೋಯಿತು. ರಿಕ್ಷಾ ನಿಲ್ಲಿಸು ಎನ್ನಲು ಧೈರ್ಯ ಬರಲಿಲ್ಲ.


ಜನವರಿ 31, ಶುಕ್ರವಾರ

ಕುಬುಸ ಆಯಿತು. ಓಣಿಯ ಬಾಯಿಗೆ ಈ ವರ್ಷ ಪೂರ್ತಿ ನಾನೇ ಆಹಾರ.

ಪಡಸಾಲೆಯಲ್ಲಿ ಖುರ್ಚಿಗೆ ಹೂವಿನ ಮಾಲೆ ಕಟ್ಟಿದ್ದರು. ಹೆಂಗಸರು ತುಂಬಿದ್ದರು. ಸ್ನೇಹಲ ಹಸಿರು ಸೀರೆಯುಟ್ಟು ಒಳಗಿನಿಂದ ಬಂದಳು. ನಾನು ಮಾತಿನಂತೆ ಬಳೆಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಅಲ್ಲಿಂದ ಖುರ್ಚಿ ಕಂಡಿತು. ಅದರ ಮೇಲೆ ಯಾರೋ ಟಾವೆಲ್ ಹಾಸಿದ್ದರು. ಸುಕ್ಕಿಲ್ಲದೆ, ಅಂಚು ಮುಂದೆ ಮಾಡಿ.

ಯಾರು ಹಾಸಿದರು ಎಂದು ಕೇಳಲು ಹೊತ್ತಿರಲಿಲ್ಲ. ಸ್ನೇಹಲಳೂ ನೋಡಿದಳು, ಅವಳ ಕಾಲು ನಿಂತವು. ಹಿಂದಿನಿಂದ ಹೆಂಗಸರು ಅವಳನ್ನು ನಗುತ್ತ ನೂಕುತ್ತಿದ್ದರು. ತಟ್ಟೆ ಕೆಳಗಿಟ್ಟು ನಾಲ್ಕು ಹೆಜ್ಜೆಗೆ ಅಲ್ಲಿಗೆ ಹೋಗಿ, ಹೂವಿನ ಖುರ್ಚಿಯಲ್ಲಿ ನಾನೇ ಕುಳಿತುಬಿಟ್ಟೆ.

ಬರಿ ಹಣೆಯ ಹೆಂಗಸು, ಬಸುರಿಯ ಖುರ್ಚಿಯಲ್ಲಿ! ಅಮೋಲ ಓಡಿ ಬಂದ. "ಅವ್ವ, ಏನ್ ಮಾಡಾಕತ್ತಿ?"

"ಕುಂತೀನಿ. ನನ್ನ ಜಾಗಾದಾಗ ನಾ ಕುಂತೀನಿ. ಆತಿಲ್ಲ?" ಎಂದೆ. ಅಮೋಲ ತನಗೇ ಹೇಳಿದೆ ಎಂದುಕೊಂಡ. ಸೊಂಟದಿಂದ ಮೇಲಕ್ಕೆ ತಣ್ಣಗೆ ಏರುತ್ತ ಬಂತು, ಬಾವಿಯ ಮೆಟ್ಟಿಲು ಇಳಿದಂತೆ. ಎದೆಯವರೆಗೆ ಬಂದು ನಿಂತಿತು. ನಾನು ಎದ್ದು, ಟಾವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, "ಈಗ ಕೂಡು ಮಗಳ," ಎಂದೆ.

ಸ್ನೇಹಲ ಕುಳಿತಳು. ಖುರ್ಚಿ ಬೆಚ್ಚಗಿದೆ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಮೊದಲ ಬಳೆ ನಾನೇ ಹಾಕಿದೆ. ನನ್ನ ತಣ್ಣನೆಯ ಕೈ ತಾಗಿ ಅವಳು ಬೆಚ್ಚಿದಳು, ಆದರೆ ಕೈ ಹಿಂದೆ ತೆಗೆಯಲಿಲ್ಲ. ಒಳಗಿನದು ಒದೆಯುತ್ತಿದೆ ಎಂದು ಹೊಟ್ಟೆಯ ಮೇಲೆ ನನ್ನ ಅಂಗೈ ಇಟ್ಟುಕೊಂಡಳು. ಹೌದು, ಒದೆಯುತ್ತಿತ್ತು. ಇಷ್ಟು ನೋಡಿದ್ದು ಸಾಕು, ನನಗೆ ತೃಪ್ತಿಯಿದೆ.

ಸಂಜೆ ಟಾವೆಲ್ಲನ್ನು ನನ್ನ ಖೋಲಿಯ ಖುರ್ಚಿಗೆ ಹಾಕಿ ಬಾಗಿಲು ಮುಚ್ಚಿದೆ. ಇಷ್ಟು ವರ್ಷದಲ್ಲಿ ಎಂದೂ ಹೇಳದಷ್ಟು ಗಟ್ಟಿಯಾಗಿ ಹೇಳಿದೆ.

"ಜಾಗಾ ಹಿಡಿಯೂದಿದ್ರ ನನಗಷ್ಟೇ ಹಿಡೀರಿ. ಆ ಹುಡಿಗಿಗಿ ಬ್ಯಾಡ, ಆಕಿ ಹೊಟ್ಟ್ಯಾಗಿನದಕ್ಕ ಬ್ಯಾಡ. ಕಲ್ಲಣ್ಣನಂಥಾ ಪಾಪದ ಮಂದಿಗಿ ಬ್ಯಾಡ. ನಾ ಬರ್ತೀನಿ. ಖರೆ ಒಂದು ಮಾತು. ನಾ ನಿಂದ್ರಸ್ರಿ ಅಂದಲ್ಲೆ ನಿಂದ್ರಸಬೇಕು."

ಸೂಟ್‌ಕೇಸು ತಯಾರಿದೆ. ಬೆಳಗಿನ ಮೊದಲ ಬಸ್ಸು. ಕಲ್ಲಣ್ಣನ ಮನೆಗೆ ಹೋಗಬೇಕು, ಮೊಮ್ಮಗಳಿಗೆ ರಿಬ್ಬನ್ನು ಸಿಕ್ಕಿತೋ ಕೇಳಬೇಕು. ಅದಕ್ಕೂ ಮೊದಲು ವಳಸಂಗ ದಾಟಿದ ಮೇಲೆ ಬೇವಿನ ಮರದ ಗುಡಿಯ ಹತ್ತಿರ ಇಳಿಯಬೇಕು ಎಂದೆ.

ಖುರ್ಚಿಯಿಂದ ಉತ್ತರ ಬಂತು. ಈ ಸಲ ಇವರು 'ಬರೂವಾಗ' ಅನ್ನಲಿಲ್ಲ.